ಎಳ್ಳಮಾವಾಸ್ಯೆಯ ಹಾಳಿ

ನಸೀಮಾ, ನೀನು ಹುಟ್ಟಿದ ದಿನವನ್ನು ಬರೆದಿಟ್ಟ ಹಾಳಿ ನನ್ನ ಹತ್ತಿರ ಇತ್ತು. ಇಲ್ಲ ಎಂದು ನಿನ್ನ ತಾಯಿಗೆ ಸುಳ್ಳು ಹೇಳಿದೆ. ಅವರು ಕೂತಿದ್ದ ಮಂಚದ ಕೆಳಗಿನ ಟ್ರಂಕಿನಲ್ಲೇ ಅದು ಇತ್ತು — ಅವರ ಕಾಲಿನ ಹಿಮ್ಮಡಿ ಟ್ರಂಕಿಗೆ ತಾಗುತ್ತಿತ್ತು.

ನನಗೆ ದಿನಾ ಬರೆಯುವ ಚಟ. ಹಾಲು ಒಡೆದದ್ದು, ನೆಂಟರು ಬಂದದ್ದು, ಬಸ್ಸು ತಪ್ಪಿದ್ದು — ಎಲ್ಲವೂ ಉದ್ದನೆಯ ನೋಟ್‌ಬುಕ್ಕಿನಲ್ಲಿ. ಆಳಂದ ತಾಲೂಕಿನ ಆ ಊರಿಗೆ ಶಾಲೆಯ ಅಕ್ಕೋರಾಗಿ ಬಂದ ಮೊದಲ ವರ್ಷ ನಿಮ್ಮದು ಎದುರು ಮನೆ. ನಿನ್ನಪ್ಪ ಮೆಹಬೂಬಣ್ಣ ಭೂಸನೂರಿನ ಕಾರ್ಖಾನೆಯಲ್ಲಿ ಸಕ್ಕರೆ ಕುದಿಸುತ್ತಿದ್ದರು. ಆ ಡಿಸೆಂಬರಿನ ಒಂದು ತಾರೀಕಿನ ಕೆಳಗೆ ಹೀಗೆ ಬರೆದಿದ್ದೇನೆ: ‘ಎಳ್ಳಮಾವಾಸ್ಯೆ. ಭಜ್ಜಿಗೆ ಉಪ್ಪು ಹೆಚ್ಚಾಯಿತು. ಎದುರು ಮನೆ ಭಾಬಿಗೆ ಮಧ್ಯಾಹ್ನ ಹೆಣ್ಣು ಮಗು. ಅಳು ನಮ್ಮ ಅಡಿಗೆಮನೆಗೆ ಕೇಳಿತು.’

ಇಷ್ಟೇ. ನಿನ್ನ ಹುಟ್ಟಿಗೆ ಬೇರೆ ಬರಹವಿಲ್ಲ. ಹೆರಿಗೆ ಮನೆಯಲ್ಲೇ ಆಯಿತು, ಪಂಚಾಯಿತಿಯಲ್ಲಿ ಯಾರೂ ಬರೆಸಲಿಲ್ಲ.

ಮೊದಲ ತಪ್ಪು ಆ ಸುಳ್ಳಿಗೂ ಹಿಂದಿನದು. ನಿನಗೆ ಐದು ತುಂಬಿದ ಮೇಲಿನ ಜೂನ್‌ನಲ್ಲಿ ಒಂದನೇ ಇಯತ್ತೆಗೆ ಒಂದು ಮಗು ಕಡಿಮೆ ಬಿದ್ದಿತ್ತು. ಸಂಖ್ಯೆ ತುಂಬದಿದ್ದರೆ ನನ್ನ ಹುದ್ದೆ ಹೋಗಿ ನಾನು ಬೇರೆ ಊರಿಗೆ. ಅಂಗಳ ದಾಟಿ ಬಂದು ನಿನ್ನ ಕೈ ಹಿಡಿದೆ. ಇಕಿ ಇನ್ನೂ ಸಣ್ಣಾಕಿ ಅದಾಳ್ರಿ ಎಂದು ಭಾಬಿ ಹೇಳಿದ್ದು ಕೇಳಿಸದವಳಂತೆ ನಡೆದೆ. ದಾಖಲಾತಿ ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆದೆ. ನಮ್ಮ ಕಡೆಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು, ಯಾರು ಕೇಳುತ್ತಾರೆ? ಪೆನ್ನಿನ ಒಂದು ಗೀಟಿಗೆ ನೀನು ಏಳು ತಿಂಗಳು ದೊಡ್ಡವಳಾದೆ.

ಕಾರ್ಖಾನೆಯ ಕ್ಲಬ್ಬಿನಲ್ಲಿ, ಟೇಬಲ್ ಟೆನಿಸ್ಸಿನ ಮೇಜಿಗೆ ಎಟುಕದ ಎತ್ತರದಲ್ಲಿ, ಮಣೆಯ ಮೇಲೆ ನಿಂತು ನೀನು ಬ್ಯಾಟು ಹಿಡಿದೆ. ಹತ್ತು ವರ್ಷದವಳಿದ್ದಾಗ ನಿನ್ನಪ್ಪನಿಗೆ ಕೀನ್ಯಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನೀನು ಗೆಲ್ಲತೊಡಗಿದೆ. ಆ ದೇಶ ನಿನ್ನನ್ನು ತನ್ನವಳೆಂದು ಕರೆದುಕೊಂಡಿತು. ಆದರೆ —

ನಾನು ಜೇವರ್ಗಿಗೆ ವರ್ಗವಾಗಿ ಬಂದ ಮೇಲೆ ಒಂದು ಮಧ್ಯಾಹ್ನ ಭಾಬಿ ಬಂದರು. ಹುಟ್ಟಿದ ದೇಶ ಬಿಟ್ಟು ಬೇರೆ ದೇಶದ ಪರ ಆಡುವವರು ಇಂತಿಷ್ಟು ವಯಸ್ಸಿನೊಳಗೆ ಹೆಸರು ಬರೆಸಬೇಕಂತೆ, ಇಲ್ಲದಿದ್ದರೆ ಜಗತ್ತಿನ ದೊಡ್ಡ ಕೂಟಗಳಿಗೆ ಬಾಗಿಲಿಲ್ಲವಂತೆ. ಕಾಗದದ ಪ್ರಕಾರ ನಿನಗೆ ನಾಲ್ಕು ತಿಂಗಳು ಮೀರಿತ್ತು. ನಿಜದಲ್ಲಿ ಇನ್ನೂ ಮೂರು ತಿಂಗಳು ಉಳಿದಿತ್ತು.

"ಅಕ್ಕೋರೆ, ನೀವು ದಿನಾ ಬರೀತಿದ್ರಿ. ಇಕಿ ಹುಟ್ಟಿದ್ದೂ ಬರ್ದಿರ್ತೀರಿ. ಅದೊಂದು ಹಾಳಿ, ಮ್ಯಾಲ ನಿಮ್ಮದೊಂದು ಸಹಿ ಸಿಕ್ರ ವಕೀಲರು ದಾರಿ ಮಾಡ್ತಾರಂತ್ರಿ."

ನಾನು ಅವರ ಮುಖ ನೋಡಲಿಲ್ಲ, ಫೋನು ನೋಡಿದೆ. ತೊಡೆಯ ಮೇಲೆ ಕವುಚಿ ಇಟ್ಟಿದ್ದರು. ಯಾಕೆ ಕವುಚಿ? ನನ್ನ ಮಾತು ಅದರೊಳಗೆ ಹೋಗುತ್ತಿದೆಯೇ? ತಂದಿದ್ದ ಕೀನ್ಯಾದ ಚಹಾಪುಡಿ — ಬರೀ ಪ್ರೀತಿಗೋ, ಬಾಯಿ ಬಿಡಿಸಲಿಕ್ಕೋ? ಆಟಗಾರರು ವಯಸ್ಸು ಕದಿಯುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆ. ಹತ್ತು ವರ್ಷ ಒಂದೇ ಅಂಗಳದಲ್ಲಿ ಹಪ್ಪಳ ಒಣಗಿಸಿದ ಹೆಂಗಸಿನ ಮೇಲೆ ನನಗೆ ಆ ಗಳಿಗೆಯಲ್ಲಿ... ಒಳಗಿನ ಕೋಣೆಯಿಂದ ನನ್ನ ಯಜಮಾನರು ಕೆಮ್ಮಿದರು. ಯಾರ ಕಾಗದಕ್ಕೂ ಕೈ ಹಚ್ಚಬ್ಯಾಡ, ನೌಕರಿಗೆ ಕುತ್ತು ಬರ್ತದ ಎಂದು ಅವರು ಹಿಂದೆಯೇ ಹೇಳಿದ್ದರು.

"ಹಳೇ ನೋಟ್‌ಬುಕ್ಕೆಲ್ಲಾ ಗೆದ್ದಲು ತಿಂದು ಹೋದ್ವು ಭಾಬಿ. ಒಂದೂ ಉಳಿದಿಲ್ಲ."

ಅವರು ಚಹಾ ಪೂರ್ತಿ ಕುಡಿದರು. ಕಪ್ಪು ತೊಳೆದಿಟ್ಟರು, ಬೇಡವೆಂದರೂ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು: "ಇರ್ಲಿ ಬಿಡ್ರಿ ಅಕ್ಕೋರೆ. ನಿಮಗೂ ನೌಕರಿ ಅದ."

ಅವರಿಗೆ ಗೊತ್ತಿತ್ತೇ? ಎಷ್ಟು ಸಲ ಈ ಪ್ರಶ್ನೆ ಕೇಳಿಕೊಂಡಿದ್ದೇನೋ. ಗೊತ್ತಿದ್ದರೆ ಯಾಕೆ ಬೈಯಲಿಲ್ಲ? ಗೊತ್ತಿಲ್ಲದಿದ್ದರೆ ಯಾಕೆ ಆ ಮಾತು? ಅಂದಿನಿಂದ ಆಳಂದದ ಕಡೆಯ ಯಾರು ಬಂದರೂ ಅವರು ನನ್ನನ್ನು ಅಳೆಯುತ್ತಿದ್ದಾರೆ ಅನ್ನಿಸುತ್ತದೆ. ನಡುವೆ ಅಫಜಲಪುರಕ್ಕೆ ವರ್ಗವಾಯಿತು, ಮತ್ತೆ ಜೇವರ್ಗಿ. ಟ್ರಂಕು ಹೊರುವ ಹಮಾಲನಿಗೂ ನಾನೇ ಕೈ ಕೊಟ್ಟು ಏರಿಸಿದೆ, ಅವನು ತೆರೆದಾನು ಎಂಬಂತೆ.

ನಿನ್ನ ಆಟವನ್ನು ಫೋನಿನಲ್ಲಿ ನೋಡುತ್ತೇನೆ. ಯುರೋಪಿನ ಕ್ಲಬ್ಬುಗಳಿಗೆ ಆಡಿ ಸಂಬಳ ಪಡೆಯುತ್ತೀಯ. ಅಕ್ಕಪಕ್ಕದ ದೇಶಗಳ ಕೂಟಗಳಲ್ಲಿ ಕೀನ್ಯಾದ ಅಂಗಿ ತೊಡುತ್ತೀಯ. ದೊಡ್ಡ ಕೂಟದ ವರ್ಷ ಮಾತ್ರ ನೀನಿಲ್ಲ — ನೀನು ಸೋಲಿಸಿದ ಹುಡುಗಿಯರು ಅಲ್ಲಿರುತ್ತಾರೆ. ಯಾಕೆ ಎಂದು ಯಾರೋ ಕೇಳಿದಾಗ ನೀನು ನಕ್ಕು ಹೇಳಿದೆ, ನನ್ನ ಕಾಗದಗಳಿಗೆ ನನಗಿಂತ ವಯಸ್ಸು ಜಾಸ್ತಿ ಎಂದು. ಆಟ ಶುರುವಾಗುವ ಮೊದಲು ಎದುರಾಳಿಯ ಬ್ಯಾಟು ಪರೀಕ್ಷಿಸಲು ಕೈಗೆ ಕೊಡುತ್ತಾರಲ್ಲ, ಎಲ್ಲರೂ ತಿರುಗಿಸಿ, ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ನೀನು ಒಮ್ಮೆ ಮುಟ್ಟಿ ಮರಳಿಸುತ್ತೀಯ. ಅದನ್ನು ನೋಡಿದಾಗಲೆಲ್ಲ ಫೋನು ಆರಿಸಿಬಿಡುತ್ತೇನೆ.

ಜೂನ್ ಒಂದಕ್ಕೆ ಎಲ್ಲೆಲ್ಲಿಯ ಜನವೋ ನಿನಗೆ ಶುಭಾಶಯ ಕಳಿಸುತ್ತಾರೆ. ಆ ದಿನ ನೀನು ಹುಟ್ಟಿರಲೇ ಇಲ್ಲ.

ಇದು ಕೊನೆಯ ವರ್ಷ, ಇನ್ನು ಆಡುವುದಿಲ್ಲ ಎಂದು ಹೋದ ವಾರ ನೀನು ಹೇಳಿದೆ. ಅದನ್ನು ಕೇಳಿದ ಮೇಲೆ ನಾನು ಟ್ರಂಕು ತೆರೆದೆ. ಗೆದ್ದಲು ಒಂದು ಅಂಚನ್ನೂ ಮುಟ್ಟಿಲ್ಲ. ದಾಖಲಾತಿಯಲ್ಲಿ ಸುಳ್ಳು ದಿನ ಬರೆದವಳು ನಾನೇ ಎಂದು ಇಲಾಖೆಗೆ ಅರ್ಜಿ ಬರೆದು ಸಹಿ ಮಾಡಿದ್ದೇನೆ. ಈಗ ಅದರಿಂದ ನಿನಗೇನೂ ಆಗದು, ಗೊತ್ತು. ಯಜಮಾನರು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ. ನೋಡಲಿ.

ಭಾಬಿ ಈಗ ಆಳಂದದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ನೋಟ್‌ಬುಕ್ಕನ್ನು ಆ ಹಾಳಿಗೆ ತೆರೆದು ಅವರ ತೊಡೆಯ ಮೇಲೆ ಇಡುತ್ತೇನೆ. ಚಹಾ ಕೊಟ್ಟರೆ ಕುಡಿದು, ಕಪ್ಪು ತೊಳೆದಿಟ್ಟು ಬರುತ್ತೇನೆ. ಕೊಡದಿದ್ದರೆ ಹಾಗೇ ಬರುತ್ತೇನೆ.