ಎಸಿಯಿಂದ ಹಾರಿದ ಅರಿಷಿಣ

ಸಾಂಗ್ಲಿ–ಮಿರಜ ರಸ್ತೆಯ ಮೇಲೆ ಕಾರಿನ ಎಸಿ ರಿಪೇರಿ ಮಾಡುವವರು ಹಲವರಿದ್ದಾರೆ. ತಂಪು ಬರುತ್ತಿಲ್ಲ ಎಂದರೆ ಹೆಚ್ಚಿನವರು ಗ್ಯಾಸ್ ತುಂಬಿ ಕಳಿಸುತ್ತಾರೆ. ಗುರುನಾಥ ಹಾಗಲ್ಲ. ಅವನು ಮೊದಲು ಬೈಯುತ್ತಾನೆ.

"ಗ್ಯಾಸ್ ಅಂದ್ರ ಪೆಟ್ರೋಲ್ ಏನ್ರಿ, ಓಡಿಸಿದ್ಹಂಗ ತೀರಾಕ? ಕಡಿಮಿ ಆಗೇತಿ ಅಂದ್ರ ಎಲ್ಲೋ ತೂತ ಬಿದ್ದೈತಿ. ಅದನ್ನ ಹುಡುಕದ ತುಂಬಿದ್ರ ಮುಂದಿನ ತಿಂಗಳ ಮತ್ತ ಬರ್ತೀರಿ."

ಬೈಸಿಕೊಂಡ ಗಿರಾಕಿ ಬೇರೆ ಕಡೆ ಹೋಗುವುದಿಲ್ಲ. ಇಷ್ಟು ಬೈಯುವವನಿಗೆ ವಿದ್ಯೆ ಇರಲೇಬೇಕು ಎಂದು ನಂಬಿಬಿಡುತ್ತಾನೆ. ನಾನೂ ಇದನ್ನು ನನ್ನ ಅಂಗಡಿಯಲ್ಲಿ ಪ್ರಯತ್ನಿಸಿ ನೋಡಿದೆ. ಅರಿಷಿಣದ ವ್ಯಾಪಾರದಲ್ಲಿ ನಡೆಯುವುದಿಲ್ಲ.

ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿರುವ ನನ್ನ ಅಂಗಡಿ ತಂದೆಯ ಕಾಲದ್ದು. ಗುರುನಾಥನ ಪರಿಚಯವೂ ಅಲ್ಲಿಂದಲೇ ಬಂದದ್ದು. ಅವನ ಅಕ್ಕ ಮಂದಕ್ಕ ನಮ್ಮಲ್ಲಿ ಅರಿಷಿಣ ಆರಿಸುತ್ತಿದ್ದಳು. ಮಾಲಗಾಂವಕ್ಕೆ ಮದುವೆಯಾಗಿ ಹೋದವಳು, ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಮರಳಿದ್ದಳು. ತವರಿನಲ್ಲಿ ಉಳಿದಿದ್ದವನು ಸಣ್ಣ ತಮ್ಮನೊಬ್ಬನೇ. ಕೊಂಬು ಬೇರೆ, ಗಡ್ಡೆ ಬೇರೆ ಮಾಡುತ್ತ, ಮೊಳಕೈವರೆಗೆ ಹಳದಿಯಾಗಿ, ಆ ಕೂಲಿಯಲ್ಲೇ ಅವನನ್ನು ಐಟಿಐ ಓದಿಸಿದಳು. ಅವನು ಮೊದಲು ಫ್ರಿಜ್ ರಿಪೇರಿ ಮಾಡಿದ. ಊರಿನಲ್ಲಿ ಫ್ರಿಜ್ಜುಗಳು ಕೆಡುವುದು ಕಡಿಮೆಯಾಗಿ ಕಾರುಗಳು ಹೆಚ್ಚಾದಾಗ ಕಾರಿನ ಎಸಿಗೆ ತಿರುಗಿದ. ಲೆಕ್ಕ ತಿಳಿದವನು.

ಅವನ ಮದುವೆಯ ಅರಿಷಿಣ ಕುಟ್ಟಿದವಳು ಮಂದಕ್ಕ. ಹಚ್ಚುವ ಹೊತ್ತಿಗೆ ಮಾತ್ರ ಆಕೆ ಅಡುಗೆಮನೆಯಲ್ಲಿದ್ದಳು. ಗಂಡ ಸತ್ತವಳು ಮದುವೆಯಲ್ಲಿ ಅರಿಷಿಣ ಹಚ್ಚಬಾರದು ಎಂಬುದು ರೂಢಿ. ಕೂಲಿಗೆ ಎಷ್ಟು ಮುಟ್ಟಿದರೂ ನಡೆಯುತ್ತದೆ. ಈ ರಿಯಾಯಿತಿಯನ್ನು ಕಂಡುಹಿಡಿದವರು ಯಾರೋ ವ್ಯಾಪಾರಿಗಳೇ ಇರಬೇಕು.

ಈ ಬೇಸಿಗೆಯಲ್ಲಿ ಗುರುನಾಥನ ಮಗಳು ಮುಕ್ತಾಳ ಮದುವೆ ಗೊತ್ತಾಯಿತು. ಬೀಗರು ಇಚಲಕರಂಜಿಯವರು. ಮೊದಲ ಅರಿಷಿಣ ತನ್ನ ಸೋದರತ್ತೆಯೇ ಹಚ್ಚಬೇಕು ಎಂದು ಹುಡುಗಿ ಹಟ ಹಿಡಿದಳು. ಗುರುನಾಥ ಮಗಳಿಗೆ ಹೂಂ ಎಂದು, ಅಕ್ಕನಿಗೆ ಬೇರೆ ಹೇಳಿದ: "ಅಕ್ಕಾ, ನಿನ್ನ ಮೊಣಕಾಲ ನೋವು. ಅರಿಷಿಣದ ದಿನಾ ತಾಸಗಟ್ಟಲೆ ಕುಂದ್ರಬೇಕು. ನೀ ಮನ್ಯಾಗ ಆರಾಮ ಮಾಡು, ಮದವಿ ದಿನಾ ಅಕ್ಕಿಕಾಳಿಗೆ ಬಾ." ಆಕೆ "ಆತು" ಎಂದಳಂತೆ. ದೊಡ್ಡ ತೊಡಕು ಬಿಡಿಸಿದವನ ಹಾಗೆ, ಕಾರು ತೋರಿಸಲು ಹೋದ ನನಗೆ ಅವನೇ ಹೇಳಿದ.

"ಮಂದಕ್ಕನ ಮೊಣಕಾಲ ಯಾವಾಗಿಂದ ನೋಯಾಕತ್ತಾವೋ?" ಎಂದೆ.

"ವಯಸ್ಸಾತಲ್ರಿ ಶೇಟ," ಎಂದವನು ಬಾನೆಟ್ಟಿನೊಳಗೆ ತಲೆ ತೂರಿಸಿದ.

ಮದುವೆಯ ಓಡಾಟಕ್ಕೆ ನನ್ನ ಕಾರು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದರ ಎಸಿ ಕೆಟ್ಟಿತ್ತು. ಮಗಳ ಮದುವೆಗೆ ಬೇಕೆಂದರೆ ಅಪ್ಪನೇ ನೆಟ್ಟಗೆ ಮಾಡಿಕೊಳ್ಳುತ್ತಾನೆ ಎಂಬ ಆಲೋಚನೆಯೂ ನನ್ನ ಉದಾರತೆಯಲ್ಲಿ ಒಂದಿಷ್ಟು ಬೆರೆತಿತ್ತು. ಹೊರಟ ಹೊಸತರಲ್ಲಿ ತಂಪಾಗಿ ಬರುತ್ತಿದ್ದ ಗಾಳಿ, ದಾರಿ ಸಾಗಿದಂತೆ ಸಣ್ಣಗಾಗಿ ನಿಂತೇ ಬಿಡುತ್ತಿತ್ತು. ಬೇರೆ ಎರಡು ಕಡೆ ಗ್ಯಾಸ್ ತುಂಬಿಸಿ ನೋಡಿಯಾಗಿತ್ತು.

ಗುರುನಾಥ ಎಂಜಿನ್ ಚಾಲೂ ಇಟ್ಟು ಎರಡೂ ಪೈಪುಗಳನ್ನು ಮುಟ್ಟಿ ನೋಡಿದ. ತೆಳುವಾದದ್ದು ಬಿಸಿ, ದಪ್ಪನೆಯದು ತಣ್ಣಗೆ. ಗೇಜು ಹಚ್ಚಿ ಕಾದ. ತುಸು ಹೊತ್ತಿಗೆ ದಪ್ಪ ಪೈಪಿನ ಮೇಲೆ ಬಿಳಿ ಹೆಪ್ಪು ಕಟ್ಟತೊಡಗಿತು, ಗೇಜಿನ ಮುಳ್ಳು ಇಳಿಯಿತು.

"ಮುಳ್ಳ ಇಳೀತು ಅಂತ ಗ್ಯಾಸ್ ಹೊಡದಾರ, ಶಾಣ್ಯಾರು! ಗ್ಯಾಸ್ ಬರೋಬರಿ ಐತಿ ಶೇಟ. ಒಳಗ ಗಾಳಿ ಹಾಯವಲ್ದು. ಗಾಳಿ ಹಾಯಲಿಲ್ಲಂದ್ರ ಒಳಗಿನ ಜಾಳಗಿ ಮ್ಯಾಲ ಬರ್ಫ ಕಟ್ತೈತಿ. ಬರ್ಫ ಕಟ್ಟಿದ್ರ ಬರೋ ಗಾಳಿನೂ ಬಂದ್."

ಮುಂದಿನ ಸೀಟಿನ ಎದುರಿನ ಖಾನೆ ಬಿಚ್ಚಿ, ಅದರ ಹಿಂದಿನಿಂದ ಗಾಳಿ ಸೋಸುವ ಫಿಲ್ಟರನ್ನು ಎಳೆದ. ಬೆಳ್ಳಗಿರಬೇಕಾದದ್ದು ಹೋಳಿಗೆಯ ಹಾಗೆ ಹಳದಿಯಾಗಿ ಉಬ್ಬಿತ್ತು. ವರ್ಷಗಟ್ಟಲೆ ಅರಿಷಿಣ ಪುಡಿಯ ಮಾದರಿ ಚೀಲಗಳನ್ನು ಸೀಟಿನ ಮೇಲೆ ಹೇರಿಕೊಂಡು ತಿರುಗಿದ್ದರ ಫಲ.

"ಇದೇನ ಕಾರೋ, ನಿಮ್ಮ ಗೋದಾಮೋ? ಇದನ್ನ ಕೊಡವಿದ್ರ ಮುಕ್ತಾನ ಮದವೀಗಿ ಸಾಕಾಗ್ತೈತಿ."

"ಕೊಡವು, ಆದರ ತೂಕಾ ಮಾಡಿ ಕೊಡು," ಎಂದೆ.

ಬರ್ಫ ಕರಗಿ ಒಣಗುವವರೆಗೆ ಎದುರಿನ ತಂಗೆವ್ವನ ಗಾಡಿಯಲ್ಲಿ ಚಹಾ ಕುಡಿದೆವು. ಆಮೇಲೆ ಅವನು ಜಾಳಿಗೆಯ ಸಂದಿನಲ್ಲಿ ಕೂತಿದ್ದ ಪುಡಿಯನ್ನು ಹವಾ ಪೈಪಿನಿಂದ ಊದಿ ಸಡಿಲಿಸಿದ. ಅದನ್ನು ಹೀರಿ ತೆಗೆದು, ನೀರು ಹೊಡೆದು ತೊಳೆಯಬೇಕು, ಅಲ್ಲಿಯವರೆಗೆ ಫ್ಯಾನ್ ಹಚ್ಚಲೇಬಾರದು ಎಂದು ನನಗೆ ಪಾಠ ಹೇಳಿದವನೂ ಅವನೇ.

ಅಷ್ಟರಲ್ಲಿ ಮಂದಕ್ಕ ಬುತ್ತಿ ತಂದಳು. ಉರಿಬಿಸಿಲಿನಲ್ಲಿ ನಡೆದೇ ಬಂದಿದ್ದಳು. ತಾವು ನೋಯುತ್ತಿರುವ ಸುದ್ದಿ ಆ ಮೊಣಕಾಲುಗಳಿಗಿನ್ನೂ ಮುಟ್ಟಿದಂತಿರಲಿಲ್ಲ.

"ಗುರ್ಯಾ, ಕೈ ತೊಳಕೊ. ರೊಟ್ಟಿ ಆರತಾವು."

"ಊಟಾ ಆಮ್ಯಾಲ ಅಕ್ಕಾ! ಬಾ, ಇಲ್ಲಿ ಮುಂದ ಕುಂದ್ರು. ಯಾರಿಗೂ ತಿಳೀಲಾರದ ರೋಗ ಹಿಡದೇನಿ ಇವತ್ತ. ಮಹಾಬಳೇಶ್ವರದ ಗಾಳಿ ತೋರಸ್ತೀನಿ ತಡಿ."

ಅಕ್ಕನ ಮುಂದೆ ಅವನು ಇಂದಿಗೂ ಶಾಲೆಯಿಂದ ಬಹುಮಾನ ತಂದ ಹುಡುಗನೇ. ತಾನು ಹೇಳಿದ ಪಾಠ ತಾನೇ ಮರೆತ. ಆಕೆಯನ್ನು ಸೀಟಿನಲ್ಲಿ ಕೂರಿಸಿ, ಫ್ಯಾನ್ ಪೂರ್ತಿ ತಿರುಗಿಸಿದ.

ಒಳಗೆ ಹಳದಿ ಮೋಡವೇ ಎದ್ದಿತು. ಅದು ಇಳಿದಾಗ ಮಂದಕ್ಕನ ಹಣೆ, ಕೆನ್ನೆ, ನರೆಗೂದಲು, ರೆಪ್ಪೆ ಎಲ್ಲ ಅರಿಷಿಣ. ಮದುಮಗಳಿಗೂ ಅಷ್ಟು ಹಚ್ಚುವುದಿಲ್ಲ. ನಾನು ನಕ್ಕುಬಿಟ್ಟೆ. ತಂಗೆವ್ವಳೂ ನಕ್ಕಳು. ಮರುಕ್ಷಣ ಆಕೆಯ ಕೈ ಬಾಯಿಗೆ ಹೋಯಿತು. "ಅಯ್ಯ ಶಿವನ! ಗಂಡ ಇಲ್ಲದಾಕಿಗಿ ಅರಿಷಿಣಾ..."

ಗುರುನಾಥ ಒದ್ದೆ ಬಟ್ಟೆ ಹಿಡಿದು ಓಡಿದ. "ಒರಸ್ಕೋ ಅಕ್ಕಾ, ಲಗೂನ ಒರಸ್ಕೋ. ಯಾರರ ನೋಡಿದ್ರ..."

ಮಂದಕ್ಕ ಅವನ ಮಣಿಕಟ್ಟು ಹಿಡಿದಳು. "ನೋಡಿದ್ರ?"

ಅವನು ರಸ್ತೆಯ ಆಚೆ ಈಚೆ ನೋಡಿದ.

"ಶೇಟರ ಅಂಗಡ್ಯಾಗ ಇಲ್ಲೀತನಾ ಹಳದಿ ಇರತಿತ್ತು," ಎಂದು ಮೊಳಕೈ ತೋರಿಸಿದಳು. "ಎಷ್ಟ ತೊಳದ್ರೂ ಹೋಗತಿರಲಿಲ್ಲ. ಆ ಕೈಲೇನ ನಿನಗ ಅನ್ನಾ ಕಲಸಿ ಹಾಕೇನಿ. ಆವಾಗ ಯಾವ ಬಟ್ಟಿ ಹಿಡಕೊಂಡ ಬಂದಿದ್ಯೋ?" ಎರಡು ಸಲ ಸೀನಿದಳು. "ಮೊಣಕಾಲಂತ, ಮೊಣಕಾಲ! ನಾ ಆತು ಅಂದೆ, ನಂಬ್ಯಾಳ ಅಂತ ತಿಳಕೊಂಡ್ಯಾ?"

ಗುರುನಾಥನ ಮುಖದ ಮೇಲೆ ಒಂದು ಕಣ ಅರಿಷಿಣ ಬಿದ್ದಿರಲಿಲ್ಲ. ಆದರೂ ಮುಖ ಮುಚ್ಚಿಕೊಳ್ಳಲು ಜಾಗ ಹುಡುಕುತ್ತಿದ್ದವನು ಅವನೇ. ನೆಲ ನೋಡುತ್ತ ಹೇಳಿದ: "ತಪ್ಪಾತು. ನೀನ ಬಾ ಅಕ್ಕಾ. ಮುಕ್ತಾಗ ನೀನ ಮೊದಲ ಹಚ್ಚು."

"ಇಲ್ಲಿ ಕರದ್ರ ಯಾರಿಗಿ ಕೇಳ್ತೈತಿ? ತಂಗೆವ್ವಗ. ಇವತ್ತ ನಾಚಿಕಿ ಬಂದೈತಿ, ಕರ್ಯಾಕತ್ತಿ. ನಾಳೆ ಬೀಗರನ್ನ ನೋಡಿದ್ರ ಅದು ಇಳೀತೈತಿ. ಅವರ ಮುಂದ ಕರಿ, ಏಳ್ತೀನಿ. ಇಲ್ಲಂದ್ರ ನನ್ನ ಮೊಣಕಾಲ ನೋಯ್ತಾವ, ಅಷ್ಟ."

ಬುತ್ತಿ ಬಿಚ್ಚಿ ತಮ್ಮನಿಗೆ ಬಡಿಸಿದಳು. ಮುಖ ಒರೆಸದೆ, ಬಂದ ದಾರಿಯಲ್ಲೇ ಹೊರಟುಹೋದಳು. ಅವನು ಜಾಳಿಗೆಯನ್ನು ತೊಳೆದದ್ದೇ ತೊಳೆದದ್ದು. ಸ್ವಚ್ಛ ನೀರು ಇಳಿಯುತ್ತಿದ್ದರೂ ಮತ್ತೆ ತೊಳೆದ. ಸಾಕು ಎಂದು ನಾನೂ ಹೇಳಲಿಲ್ಲ. ಕಾರು ನನ್ನದಲ್ಲವೇ.

ಅರಿಷಿಣದ ದಿನ ಮಂದಕ್ಕ ಬಂದಳು. ಗೋಡೆಗೆ ಆನಿಸಿಟ್ಟ ಕುರ್ಚಿಯಲ್ಲಿ, ಎಲ್ಲರ ಹಿಂದೆ ಕೂತಳು. ಬೀಗರು ಬಂದರು, ಮುಕ್ತಾ ಮಣೆಯ ಮೇಲೆ ಕುಳಿತಳು. ಮೊದಲು ಯಾರು ಎಂದು ಹೆಂಗಸರು ಕೇಳಿದಾಗ ಮುಕ್ತಾ ಅಪ್ಪನನ್ನು ನೋಡಿದಳು. ಗುರುನಾಥ ಬಾಯಿ ತೆರೆದ. "ಬೀಗರದು ಚಹಾ ಆತೇನ್ರಿ?" ಎಂದ.

ಮುತ್ತೈದೆಯರಲ್ಲಿ ಒಬ್ಬಳು ಎದ್ದು ಹಚ್ಚಿದಳು. ಅವನು ಮತ್ತೆ ಬಾಯಿ ತೆರೆದು, ಫ್ಯಾನ್ ಈ ಕಡೆ ತಿರುಗಿಸಿರಿ ಎಂದ. ಇನ್ನೊಬ್ಬಳು ಹಚ್ಚಿದಳು. ಅಕ್ಕನ ಕಡೆ ಹೊರಟ ಅವನ ಕಣ್ಣು ನಡುವಿನಲ್ಲೇ ಬೀಗಿತಿಯನ್ನು ಕಂಡು ಮರಳುತ್ತಿತ್ತು. ಐದು ಮಂದಿಯದೂ ಮುಗಿಯಿತು. ಯಾರೋ ಬಟ್ಟಲು ಎತ್ತಿಕೊಂಡರು. ಮುಕ್ತಾ ಮುಖ ಬೇರೆ ಕಡೆ ತಿರುಗಿಸಿದಳು.

"ಅಕ್ಕಾ," ಎಂದ ಗುರುನಾಥ. "ಬಾ. ಹಚ್ಚು ಬಾ." ಬೀಗಿತಿಯತ್ತ ತಿರುಗಿ, ಪೆಟ್ಟು ಬೀಳುವುದನ್ನು ಕಾಯುವವನ ಹಾಗೆ ನಿಂತು, "ನಮ್ಮಕ್ಕರಿ. ನನ್ನ ಸಾಕಿದಾಕಿ," ಎಂದ.

ಬೀಗಿತಿ ತಮ್ಮ ಸೀರೆಯ ನೆರಿಗೆ ಮಡಿಚಿಕೊಂಡು ದಾರಿ ಮಾಡಿದರು. "ಬರ್ರಿ ಮಾವಶಿ. ಇಷ್ಟೊತ್ತ ಹಿಂದ ಯಾಕ ಕುಂತಿದ್ರಿ?"

ಅಷ್ಟೇ. ಯಾರೂ ಎದ್ದು ಹೋಗಲಿಲ್ಲ. ಮಂದಕ್ಕ ಬಂದು ಮುಕ್ತಾಳ ಕೆನ್ನೆಗೆ ಎರಡೂ ಕೈಯಿಂದ ಹಚ್ಚಿದಳು. ತಮ್ಮನನ್ನು ದಾಟುವಾಗ ಮೆಲ್ಲಗೆ, "ಮೊದಲ ಹಚ್ಚು ಅಂದಿದ್ದಿ, ಕಡೀಕ ಕರದಿ," ಎಂದಳು.

ಗುರುನಾಥ ನನ್ನ ಪಕ್ಕಕ್ಕೆ ಬಂದು ನಿಂತ. "ಶೇಟ, ಇಷ್ಟ ಇತ್ತೇನ್ರಿ ಇದು?"

ಫೋಟೋ ತೆಗೆಯುವವನು, ಹುಡುಗಿ ತಂದಿ, ಇತ್ತ ನೋಡ್ರಿ ಎಂದು ಎಷ್ಟೋ ಸಲ ಕೂಗಿದ. ಆ ದಿನದ ಫೋಟೋಗಳಲ್ಲಿ ಮುಕ್ತಾ ಇದ್ದಾಳೆ, ಮಂದಕ್ಕ ಇದ್ದಾಳೆ. ಗುರುನಾಥನದು ಮಾತ್ರ ಎಲ್ಲದರಲ್ಲೂ ಬಗ್ಗಿದ ತಲೆಯ ನೆತ್ತಿ.