ಹೊತ್ತು ಗಿಡ್ಡ ಮಾಡುವ ಮಲಕವ್ವ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮಲಕವ್ವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಕಡ್ಡಿ, ಕರಿಕಾಳು ಆರಿಸುತ್ತ ಕೂತರೆ ಕನಮಡಿಯ ಬೀಗರಿಂದ ಹಿಡಿದು ಗಾಂಧಿ ಚೌಕದ ಸೀರೆ ಅಂಗಡಿಯವನವರೆಗೆ ಎಲ್ಲರ ದನಿ ತೆಗೆದು ನಗಿಸುವಳು. ಮಾತಿನ ಭರದಲ್ಲಿ ಕೈ ನಿಂತುಬಿಡುತ್ತಿತ್ತು. ಕೂಲಿಯೋ, ಆರಿಸಿದ ತೂಕದ ಮೇಲೆ. ಅದಕ್ಕೇ ಉಳಿದ ಹೆಂಗಸರು ತಮ್ಮ ರಾಶಿಯಿಂದ ಒಂದೊಂದು ಬೊಗಸೆ ಎತ್ತಿ ಅವಳ ಬುಟ್ಟಿಗೆ ಸುರಿಯುವುದು ಅಲ್ಲಿನ ರೂಢಿ. ಅವಳ ತಮ್ಮನ ಮಗಳು ನಿರ್ಮಲಾ ಎಂ.ಎ. ಇಂಗ್ಲಿಷ್ ಓದುತ್ತಿದ್ದವಳು, ರಜೆಯಲ್ಲಿ ಶೆಡ್ಡಿಗೆ ಬರುತ್ತಿದ್ದಳು. ಅವಳಿಗೆ ಈ ರೂಢಿ ಶುದ್ಧ ದಡ್ಡತನವಾಗಿ ಕಂಡಿತ್ತು.

ಆ ದಿನ ಮಲಕವ್ವ ಒಂದು ಕಥೆಯನ್ನೂ ತೆಗೆಯಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ಗಂಡ ಶಂಕರೆಪ್ಪನಿಗೆ ಹೊಟ್ಟೆಯ ಆಪರೇಷನ್. ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಜೊತೆಗೆ ಒಬ್ಬರಿಗಷ್ಟೇ ಅವಕಾಶವೆಂದು ಮಗ ಅಪ್ಪು ಅಲ್ಲಿದ್ದ. ಮನೆಯಲ್ಲಿ ಒಬ್ಬಳೇ ಕೂರಲಾರದೆ ಇವಳು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಿದ್ದಳು.

“ಹೊತ್ತ ಹೋಗವಲ್ದು ನಿರ್ಮಲಾ,” ಎಂದಳು. “ಬಿಸಲ ಇನ್ನೂ ಅಲ್ಲೇ ಐತಿ ನೋಡ.”

ನಿರ್ಮಲಾಳಿಗೆ ಕ್ಲಾಸಿನಲ್ಲಿ ಕೇಳಿದ್ದು ನೆನಪಾಯಿತು. “ಅತ್ತಿ, ಇಂಗ್ಲಿಷ್‌ನ್ಯಾಗ ಖುಷಿಯಾಗಿರೋದಕ್ಕ ‘ಮೆರಿ’ ಅಂತಾರ. ಸಾವಿರಾರ ವರ್ಷದ ಹಿಂದ ಅದರ ಮೂಲ ಶಬ್ದದ ಅರ್ಥ ‘ಗಿಡ್ಡ’ ಅಂತಿತ್ತಂತ. ಹೊತ್ತ ಗಿಡ್ಡ ಮಾಡೂದು ಯಾವುದೋ, ಅದ ಖುಷಿ.”

ಹೇಳುತ್ತಿದ್ದಂತೆ ಅವಳಿಗೇ ಮೈ ಜುಮ್ಮೆಂದಿತು. ಎಲ್ಲಿಯ ಚಳಿದೇಶದ ಜನ, ಯಾವ ಕಾಲ! ಅವರಲ್ಲೂ ಒಬ್ಬ ಮಲಕವ್ವ ಇದ್ದಿರಬೇಕು. ಇಲ್ಲದಿದ್ದರೆ ಈ ಅರ್ಥ ಹುಟ್ಟುವುದಾದರೂ ಹೇಗೆ? ದಿನಾ ಎದುರಿಗೇ ಕೂತವಳನ್ನು ತಾನು ಕಂಡೇ ಇರಲಿಲ್ಲವಲ್ಲ ಎಂದು ಬೆರಗಾದಳು.

ಎಲ್ಲರಿಗಿಂತ ಹಿರಿಯಳಾದ ಅಕ್ಕನಾಗಮ್ಮ ಕೈಯ ಕಾಳು ಕೆಳಗಿಟ್ಟಳು. “ಹಂಗಾರ ಇವತ್ತ ನಮ್ಮ ಪಾಳಿ ಬೇ,” ಎಂದು ಮಲಕವ್ವನದೇ ಬೀಗರ ಕಥೆ ಶುರುಮಾಡಿದಳು. ಅದೂ ತಲೆಕೆಳಗು: ಬೀಗ ಉಣ್ಣುವ ಮೊದಲೇ ಕೈ ತೊಳೆದು ಎದ್ದುಬಿಟ್ಟ!

ಮಲಕವ್ವನಿಗೆ ತಡೆಯಲಾಗಲಿಲ್ಲ. “ಹಂಗಲ್ಲ ಬೇ! ಅವ ಮೊದಲ ರೊಟ್ಟಿ ಬಗಲಾಗ ಮುಚ್ಚಿಟ್ಕೊಂಡಿದ್ದ,” ಎಂದು ತಿದ್ದಿದಳು. ಇನ್ನೊಬ್ಬಳು ಸೀರೆ ಅಂಗಡಿಯ ಕಥೆ ಕೆಡಿಸಿದಳು. ಅದನ್ನೂ ತಿದ್ದಬೇಕಾಯಿತು. ಹೀಗೆ ಕೆಡಿಸುವುದು, ತಿದ್ದುವುದು, ನಗುವುದು ನಡೆದೇ ನಡೆಯಿತು.

ಮೊಬೈಲ್ ರಿಂಗಾಯಿತು. ಮಲಕವ್ವ ಎತ್ತಿ ಕಿವಿಗಿಟ್ಟಳು.

“ಯವ್ವಾ, ಆಪರೇಷನ್ ಮುಗೀತು. ಅಪ್ಪ ಕಣ್ಣ ಬಿಟ್ಟಾನ,” ಎಂದ ಅಪ್ಪು.

ಹೊರಗೆ ಸಂಜೆಯಾಗಿತ್ತು. ಮಲಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟ ಜಲ್ದಿ ಮುಗೀತೇನೋ ಯಪ್ಪಾ?”