ನದಿ ಹೆಪ್ಪುಗಟ್ಟುವ ತನಕ

ಅಕುಲೀನಾ ನಮ್ಮ ಬೇಲಿಯಾಚೆಯ ಮನೆಯವಳು. ನಾನು ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ನೋಡುತ್ತಿದ್ದೇನೆ, ಲೇನಾ ನದಿಗೆ ನೀರಿಗೆ ಹೋದವರೆಲ್ಲ ಬಕೆಟ್ ತುಂಬಿಸಿಕೊಂಡು ತಿರುಗಿಬಿಡುತ್ತಾರೆ; ಅವಳು ಮಾತ್ರ ಬಕೆಟ್ ಕೆಳಗಿಟ್ಟು ಒಂದು ಗಳಿಗೆ ಆಚೆ ದಡವನ್ನು ನೋಡಿಯೇ ಹೊರಡುವುದು. ಆಚೆ ದಡದಲ್ಲಿರುವುದು ತುಮುಲ್ ಎಂಬ ಊರು. ಅಲ್ಲಿ ಅವಳ ಅಕ್ಕ ಮಾವ್ರಾ ಇದ್ದಳು. ಅಕ್ಕನ ಮನೆಯಲ್ಲಿ ಅಕುಲೀನಾ ಹೆತ್ತ ಮಗಳು ತುಯಾರಾ ಇದ್ದಳು.

ಮಾವ್ರಾಗೆ ಹುಟ್ಟಿದ ಎರಡು ಮಕ್ಕಳೂ ತಿಂಗಳು ತುಂಬುವ ಮೊದಲೇ ಹೋದವು. ಆಮೇಲೆ ಬಸಿರಾಗಲೇ ಇಲ್ಲ. ಅಕುಲೀನಾಗೆ ಮೊದಲು ಗಂಡು, ಮೂರು ವರ್ಷದ ಮೇಲೆ ಈ ಹೆಣ್ಣು. ಹಿರಿಯರು ಕೂತು ಮಾತಾಡಿದರು, ಕಾಗದಪತ್ರವೂ ಆಯಿತು. ನಮ್ಮಲ್ಲಿ ಇದು ಹೊಸದೇನಲ್ಲ. ಯಾವ ಊರಲ್ಲಿ ಹುಡುಕಿದರೂ ಕೊಟ್ಟ ಮಗು ಒಂದು, ತಂದ ಮಗು ಒಂದು ಸಿಕ್ಕೇ ಸಿಗುತ್ತದೆ. ಮಾವ್ರಾ ತಂಗಿಯ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದಳಂತೆ: "ಮಗು ಮುಂದೆ ನೀನು ಚಿಕ್ಕಮ್ಮ. ಅದಕ್ಕಿಂತ ಒಂದಿಂಚೂ ಹತ್ರ ಬರಬೇಡ ಕಣೆ."

ಅಕುಲೀನಾ ಆ ಮಾತನ್ನು ಮೂವತ್ತಮೂರು ವರ್ಷ ಮುರಿಯಲಿಲ್ಲ. ಬೇಸಿಗೆಯ ಹಬ್ಬದಲ್ಲಿ ದೂರದಿಂದ ನೋಡುವುದು, ಮಗಳು ಬಂದು ಕೆನ್ನೆ ಒಡ್ಡಿದರೆ ನಮ್ಮ ಕಡೆಯ ರೂಢಿಯಂತೆ ಮುತ್ತಿನ ಬದಲು ಮೂಸಿ ಬಿಡುವುದು, ಅಷ್ಟೇ. ಚಳಿಗಾಲಕ್ಕೆ ಮಾತ್ರ ಒಂದು ಜೊತೆ ತುಪ್ಪಳದ ಬೂಟು ಹೊಲಿದು ಕಳಿಸುತ್ತಿದ್ದಳು. ಅಳತೆ ಕೇಳಿದರೆ ಅಕ್ಕ ನೊಂದುಕೊಂಡಾಳೆಂದು ಊಹೆಯ ಮೇಲೆಯೇ ಹೊಲಿಗೆ. ಒಂದು ವರ್ಷ ಬಿಗಿ, ಒಂದು ವರ್ಷ ಸಡಿಲ. ಅವಳು ನನ್ನ ಮಗಳ ಪಾದವನ್ನು ಗೇಣಿನಲ್ಲಿ ಅಳೆಯುವುದನ್ನು ನಾನೇ ಕಂಡಿದ್ದೇನೆ. ತುಯಾರಾಗೂ ಅವಳಿಗೂ ಒಂದೇ ವಯಸ್ಸು.

ತುಯಾರಾ ಬೆಳೆದು ಪಟ್ಟಣಕ್ಕೆ ಹೋಗಿ ನರ್ಸ್ ಆದಳು. ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು, ಗಂಡ ಬಿಟ್ಟುಹೋದ. ಮಾವ್ರಾ ಹಾಸಿಗೆ ಹಿಡಿದಳೆಂದು ತನ್ನ ಮೂವತ್ತಮೂರನೆಯ ವರ್ಷದ ವಸಂತದಲ್ಲಿ ಆರು ವರ್ಷದ ನಾರಿಯಾಳನ್ನು ಕಟ್ಟಿಕೊಂಡು ತುಮುಲ್‌ಗೆ ಮರಳಿದಳು. ಊರಿನ ಚಿಕಿತ್ಸಾಲಯದಲ್ಲೇ ಕೆಲಸ ಸಿಕ್ಕಿತು. ಆಗಸ್ಟಿನಲ್ಲಿ ಮಾವ್ರಾ ತೀರಿಕೊಂಡಳು.

ಮಣ್ಣು ಮಾಡಿ ಬಂದವರೆಲ್ಲ ಮರೆತರೂ ಅಕುಲೀನಾಗೆ ಒಂದೇ ಯೋಚನೆ. ಹನ್ನೆರಡು ವರ್ಷ ಪಟ್ಟಣದಲ್ಲಿ, ಕೊಳವೆಯಲ್ಲಿ ಬಿಸಿನೀರು ಹರಿಯುವ ಗೋಡೆಗಳ ನಡುವೆ ಬದುಕಿದವಳು ಆ ಹಳೆಯ ಮರದ ಮನೆಯನ್ನು ಚಳಿಗಾಲಕ್ಕೆ ಹೇಗೆ ಅಣಿ ಮಾಡಿಯಾಳು? ಅಕ್ಟೋಬರ್ ಶುರುವಾಗಿ ನದಿಯಂಚಿನಲ್ಲಿ ಮಂಜಿನ ಹರಳು ಕಾಣಿಸಿದ ದಿನ ಅವಳು ಗೋಡೆಯ ಸಂದಿಗೆ ತುರುಕಲು ಮೂರು ಮೂಟೆ ಒಣಪಾಚಿ ಹೊತ್ತು ಕೊನೆಯ ದೋಣಿ ಹತ್ತಿದಳು.

"ಏನಕ್ಕಾ, ಆ ದಡದಲ್ಲಿ ಪಾಚಿ ಬೆಳೆಯಲ್ವಾ?" ಎಂದ ದೋಣಿಯವನು.

"ಬೆಳೆಯತ್ತೆ. ಬೇಸಿಗೇಲಿ ಕಿತ್ತು ಒಣಗಿಸೋರು ಬೇಕಲ್ಲ."

"ನಾಳೆಯಿಂದ ದೋಣಿ ಇಲ್ಲ. ನದಿ ಹೆಪ್ಪುಗಟ್ಟೋ ತನಕ ಅಲ್ಲೇ ನೀನು, ಗೊತ್ತು ತಾನೆ?"

"ಗೊತ್ತು. ತಲೆ ತಿನ್ಬೇಡ, ದೋಣಿ ಬಿಡು."

ಮುಂದಿನದ್ದು ಅವಳೇ ನನಗೆ ಹೇಳಿದ್ದು.

ತುಯಾರಾ ಬಾಗಿಲು ತೆರೆದವಳು ಮೂಟೆಗಳನ್ನು ನೋಡಿ ಬೆರಗಾದಳು. "ಬನ್ನಿ ಚಿಕ್ಕಮ್ಮ. ಇದನ್ನೆಲ್ಲ ಯಾಕೆ ಹೊತ್ಕೊಂಡ್ ಬಂದ್ರಿ ನೀವು?" ಎಂದಳು. ಆ 'ನೀವು' ಮೊದಲಿನಿಂದಲೂ ಇದ್ದದ್ದೇ. ಆದರೂ ಖಾಲಿಯಾದ ಆ ಮನೆಯಲ್ಲಿ ಅದು ಹೆಚ್ಚು ಕೇಳಿಸಿತಂತೆ.

ಅಕುಲೀನಾ ಚಹಾ ಕುಡಿದವಳೇ ಒಲೆಯ ಬೆಂಕಿಗೆ ಒಂದು ತುಂಡು ಬೆಣ್ಣೆ ಹಾಕಿ, ಅಕ್ಕನ ಹೆಸರು ಹೇಳಿ, ಕೆಲಸಕ್ಕಿಳಿದಳು. ದಿಮ್ಮಿ ದಿಮ್ಮಿಗಳ ನಡುವಿನ ಸಂದುಗಳಿಗೆ ಪಾಚಿ ತುರುಕಿ ಮರದ ಉಳಿಯಿಂದ ಬಡಿಯಬೇಕು. ಪಕ್ಕದ ಮನೆಯ ಮುದುಕ ಸ್ಪಿರಿದೋನ್ ಗಾಡಿಯಲ್ಲಿ ಮರದ ಹೊಟ್ಟು ತಂದು ಸುರಿದ. ಅದನ್ನು ಮಣ್ಣಿನೊಂದಿಗೆ ಮನೆಯ ಬುಡಕ್ಕೆ ಸುತ್ತಲೂ ದಿಂಡು ಕಟ್ಟಿದರು. ತುಯಾರಾ ಪಾಚಿ ತುರುಕುವುದನ್ನು ನೋಡಿ ಸ್ಪಿರಿದೋನ್ ನಕ್ಕ.

"ಏನಮ್ಮಾ ನರ್ಸಮ್ಮ, ಗಾಯಕ್ಕೆ ಹತ್ತಿ ಇಡ್ತಾ ಇದೀಯಾ? ಗುದ್ದಿ ತುಂಬು! ಅಷ್ಟು ಮೆತ್ತಗಿಟ್ರೆ ಜನವರಿಲಿ ಇಲಿ ಕೂಡ ಮನೆ ಬಿಟ್ಟು ಹೋಗತ್ತೆ."

"ಹೋಗ್ಲಿ ಬಿಡಿ ಮಾವ, ನಿಮ್ಮನೆಗೇ ಬರತ್ತೆ," ಎಂದಳು ತುಯಾರಾ. ಅಕುಲೀನಾ ಮುಖ ತಿರುಗಿಸಿಕೊಂಡು ನಕ್ಕಳು. ಆ ಮಾತಿನ ವರಸೆ ತನ್ನದೇ ಎನ್ನಿಸಿತು. ಮರುಗಳಿಗೆ ಅದು ಅಕ್ಕನದೂ ಇರಬಹುದಲ್ಲ ಎನ್ನಿಸಿತು.

ನಾಲ್ಕನೆಯ ದಿನ ಕಿಟಕಿಗಳ ಸರದಿ. ಹೊರಗಿನ ಗಾಜಿನ ಒಳಗೆ ಎರಡನೆಯ ಚೌಕಟ್ಟು ಕೂರಿಸಿ, ನಡುವೆ ಹತ್ತಿ ಹಾಸಿ, ತೇವ ಹೀರಲು ಒಂದು ಲೋಟ ಉಪ್ಪು ಇಟ್ಟು, ಅಂಚಿಗೆಲ್ಲ ಕಾಗದದ ಪಟ್ಟಿ ಅಂಟಿಸುವುದು. ತುಯಾರಾ ಹಿಟ್ಟಿನ ಅಂಟು ಸವರುತ್ತಿದ್ದಳು. ನಾರಿಯಾ ಬೆಂಚಿನ ಮೇಲೆ ಕಾಗದ ಕತ್ತರಿಸುತ್ತಿದ್ದವಳು ಬೇಸರವಾಗಿ ಹೊರಗೆ ಓಡಿದಳು. ಅವಳು ಹೋದದ್ದೇ ತಡ, ತುಯಾರಾ ತಲೆಯೆತ್ತದೆ ಕೇಳಿದಳು.

"ಚಿಕ್ಕಮ್ಮ, ನನ್ನನ್ನ ಯಾವ ಕಿಟಕಿಯಿಂದ ಒಳಗೆ ಕೊಟ್ಟಿದ್ದು?"

ಮಾವ್ರಾಳ ಮಕ್ಕಳನ್ನು ಒಯ್ದ ಪೀಡೆ ಬಾಗಿಲಲ್ಲೇ ಕಾದು ಕೂತಿರುತ್ತದೆ, ಅದರ ಕಣ್ಣು ತಪ್ಪಿಸಬೇಕು ಎಂದು ಆ ಮಗುವನ್ನು ಕಿಟಕಿಯಿಂದ ದಾಟಿಸಿದ್ದರು. ಅದನ್ನು ಬಲ್ಲವರು ನಾಲ್ಕೇ ಜನ ಎಂದು ಅಕುಲೀನಾ ನಂಬಿದ್ದಳು.

"ಯಾರು ಹೇಳಿದ್ರು ನಿಂಗೆ?"

"ಮೂರನೇ ಕ್ಲಾಸಲ್ಲಿ, ಸ್ಪಿರಿದೋನ್ ಮಾವನ ಮಗಳು. ಜಗಳ ಆಡ್ತಾ 'ಕಿಟಕಿಯಿಂದ ಬಿದ್ದೋಳೇ' ಅಂತ ಬೈದ್ಲು."

"ಮಾವ್ರಾಗೆ ಗೊತ್ತಿತ್ತಾ? ನಿಂಗೆ ಗೊತ್ತು ಅಂತ?"

"ಇಲ್ಲ. ಅಮ್ಮ ಅಳ್ತಾಳೆ ಅಂತ ಕೇಳ್ಲೇ ಇಲ್ಲ."

ಅಕುಲೀನಾ ಅಂಗೈ ಮೇಲಿದ್ದ ಹತ್ತಿಯನ್ನು ಕೆಳಗಿಟ್ಟಳು. "ಇದೇ ಕಿಟಕಿ. ಎರಡನೇ ಚೌಕಟ್ಟು ಇನ್ನೂ ಹಾಕಿರಲಿಲ್ಲ. ನಾನು ಹೊರಗೆ ನಿಂತಿದ್ದೆ. ನಿನ್ನನ್ನ ಮೊಲದ ಚರ್ಮದಲ್ಲಿ ಸುತ್ತಿದ್ದೆ."

"ಎಷ್ಟು ದಿನ ಹಾಲು ಕೊಟ್ರಿ?"

"ಹನ್ನೊಂದು."

"ಆಮೇಲೆ?"

"ಆಮೇಲೆ ಎದೆಗೆ ಬಟ್ಟೆ ಬಿಗಿದು ಕಟ್ಕೊಂಡೆ. ಆದ್ರೂ ಇಪ್ಪತ್ತು ದಿನ ಹಾಲು ಬಂತು. ನದಿ ತುಂಬ ಮಂಜಿನ ಗಡ್ಡೆ ತೇಲ್ತಾ ಇತ್ತು, ದೋಣಿ ಇಲ್ಲ, ನಡೆಯೋ ಹಾಗೂ ಇಲ್ಲ. ನಡೆಯೋ ಹಾಗಿದ್ದಿದ್ರೆ ಬಂದು ಕಿತ್ಕೊಂಡು ಹೋಗಿಬಿಡ್ತಿದ್ದೆ."

ತುಯಾರಾ ಅಂಟಿನ ಬಟ್ಟಲನ್ನು ಕುಕ್ಕಿದಳು.

"ಆಮೇಲೆ ಹೆಪ್ಪುಗಟ್ತಲ್ಲ! ಪ್ರತಿ ವರ್ಷ ಹೆಪ್ಪುಗಟ್ತಲ್ಲ ಚಿಕ್ಕಮ್ಮ! ಗೊತ್ತಾದ ವರ್ಷ ನಾನು ಸ್ಕೂಲು ಬಿಟ್ಟು ದಡದಲ್ಲಿ ನಿಂತಿರ್ತಿದ್ದೆ. ಯಾರಾದ್ರೂ ಈ ಕಡೆ ನಡ್ಕೊಂಡ್ ಬಂದ್ರೆ ನೀವೇ ಅಂದ್ಕೋತಿದ್ದೆ."

ಅಕುಲೀನಾಗೆ, ಆ ಚಳಿಗಾಲವೆಲ್ಲ ಈಚೆ ದಡದಲ್ಲಿ ತಾನೂ ನಿಂತಿದ್ದೆ ಎಂದು ಹೇಳಬೇಕೆನಿಸಿತು. ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಜೊತೆಗೆ, ಮಣ್ಣಾಗಿ ಎರಡು ತಿಂಗಳಾಗಿದ್ದ ಅಕ್ಕನನ್ನು ಅವಳ ಮನೆಯಲ್ಲೇ ನಿಂತು ದೂರಿದಂತಾಗುತ್ತದೆ. "ಮಾತು ಕೊಟ್ಟಿದ್ದೆ," ಎಂದಷ್ಟೇ ಹೇಳಿ ಉಳಿದ ಕಿಟಕಿಗಳನ್ನು ಒಬ್ಬಳೇ ಮುಗಿಸಿದಳು.

ಆಮೇಲೆ ಮೂರು ದಿನ ಮಾತಿಲ್ಲ. ತುಯಾರಾ ಚಿಕಿತ್ಸಾಲಯಕ್ಕೆ ಹೋಗುವಳು, ಬರುವಳು, ಮಗುವಿನ ಮೂಲಕ ಮಾತಾಡುವಳು: "ಊಟ ಬಡಿಸಿದೀನಿ ಅಂತ ಹೇಳು ಪುಟ್ಟಾ." ಓಡಿಹೋಗೋಣವೆಂದರೆ ನದಿ ಬಿಡದು. ಅಕುಲೀನಾ ಚಿಮಣಿಯ ಮಸಿ ತೆಗೆದಳು, ಒಲೆಯ ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿದಳು, ಹಸುವಿನ ಕೊಟ್ಟಿಗೆಗೆ ಹೊರಗಿನಿಂದ ಸಗಣಿ ಸಾರಿಸಿದಳು. ಸಾರಿಸಿದ್ದು ಬೆಳಗಾಗುವುದರೊಳಗೆ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು.

ನಾಲ್ಕನೆಯ ದಿನ ಬಾಗಿಲಿಗೆ ಹಸುವಿನ ಚರ್ಮ ಬಡಿಯುತ್ತಿದ್ದಳು. ಗಾಳಿ ನುಸುಳದಂತೆ ಎಳೆದು ಹಿಡಿದೇ ಮೊಳೆ ಹೊಡೆಯಬೇಕು. ಅರವತ್ತು ವರ್ಷದ ಒಂಟಿ ಕೈಗಳಿಗೆ ಅದು ಆಗದ ಕೆಲಸ. ಕೆಲಸದಿಂದ ಬಂದ ತುಯಾರಾ ಕೋಟನ್ನೂ ಬಿಚ್ಚದೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು.

"ಹಂಗೆ ಎಳೆದ್ರೆ ಹರಿಯತ್ತೆ. ನೀನು ಆ ತುದಿ ಹಿಡ್ಕೋ."

ಅಕುಲೀನಾ ಆ ತುದಿ ಹಿಡಿದುಕೊಂಡಳು. ತುಯಾರಾ ಸಾಲಾಗಿ ನಾಲ್ಕು ಮೊಳೆ ಹೊಡೆದಳು.

"ಅಮ್ಮ ಅಂದ್ರೆ ನಂಗೆ ಅವಳೇ," ಎಂದಳು ತುಯಾರಾ. "ನಿನ್ನನ್ನ ಹಂಗೆ ಕರೆಯೋಕೆ ನನ್ನಿಂದ ಆಗಲ್ಲ."

"ಕರೀಬೇಡ. ನಾನು ಕೇಳಿದ್ನಾ?"

"ಕೇಳಿಲ್ಲ. ಕಣ್ಣಲ್ಲಿ ಕೇಳ್ತೀಯ."

"ಕಣ್ಣು ಮುದಿಯಾಯ್ತು, ನೀರು ಬರತ್ತೆ. ನೀನು ಮೊಳೆ ಹೊಡಿ."

'ನೀವು' ಅಲ್ಲಿಗೆ ಮುಗಿದಿತ್ತು. ತುಯಾರಾಗೆ ಅದು ತಿಳಿದಿತ್ತೋ ಇಲ್ಲವೋ ಅಕುಲೀನಾ ಅರಿಯಳು. ಎಚ್ಚರಿಸಿದರೆ ಹಿಂದೆಗೆದುಕೊಂಡಾಳೆಂದು ಸುಮ್ಮನಿದ್ದಳು.

ತಿಂಗಳ ಕೊನೆಗೆ ಕೆರೆಯ ಹಿಮ ಒಂದು ಮೊಳ ದಪ್ಪವಾಯಿತು. ಊರಿನವರೆಲ್ಲ ಗರಗಸ, ಸಲಾಕೆ ಹಿಡಿದು ಚಳಿಗಾಲವೆಲ್ಲ ಕರಗಿಸಿ ಕುಡಿಯಲು ಬೇಕಾದ ಮಂಜುಗಡ್ಡೆ ಕೊಯ್ಯಲು ಹೋದರು. ತುಯಾರಾ ಕೊಯ್ದಳು, ಅಕುಲೀನಾ ಕೊಕ್ಕೆ ಹಾಕಿ ಎಳೆದಳು, ನಾರಿಯಾ ನೀಲಿ ಗಡ್ಡೆಯೊಂದಕ್ಕೆ ಕಣ್ಣು ಹಚ್ಚಿ ಕೂತು ಎಲ್ಲರಿಂದ ಬೈಸಿಕೊಂಡಳು. ಐವತ್ತು ಗಡ್ಡೆಗಳನ್ನು ಬೇಲಿಯ ಪಕ್ಕ ಪೇರಿಸಿದ ಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಅಕುಲೀನಾ ಮಾತ್ರ ದಿನಾ ಒಂದು ಕೆಲಸ ಹುಡುಕುತ್ತಿದ್ದಳು. ಅಂಟಿಸಿದ ಕಾಗದದ ಮೇಲೆ ಮತ್ತೊಂದು ಕಾಗದ ಅಂಟಿಸಿದಳು. ಅದನ್ನು ನೋಡಿದ ತುಯಾರಾ ಮತ್ತಷ್ಟು ಅಂಟು ಕಲಸಿಕೊಟ್ಟಳು.

ನವೆಂಬರಿನ ಎರಡನೆಯ ವಾರ ನದಿ ಹೆಪ್ಪುಗಟ್ಟಿ ನಿಂತಿತು. ಮೀನು ಹಿಡಿಯುವವರಿಗಿಂತ ಮುಂಚೆ ಹಿಮದ ಮೇಲೆ ಕಾಲಿಡುವವರು, ಗಟ್ಟಿಯಾದ ದಾರಿಗೆ ಗುರುತಾಗಿ ಕೊಂಬೆ ನೆಡುವವರು. ಅವರು ನೆಟ್ಟು ಬಂದ ಮರುದಿನ ಮಧ್ಯಾಹ್ನ ಅಕುಲೀನಾ ಹೊರಟಳು. ಮಗ, ಸೊಸೆ, ಮೊಮ್ಮಕ್ಕಳು, ಹಸು, ಎಲ್ಲ ಈಚೆ ಇದ್ದವಲ್ಲ. ತುಯಾರಾ ನಡುನದಿಯವರೆಗೆ ಜೊತೆಗೆ ಬಂದಳು. ಅಲ್ಲಿ ನಿಂತು, ಅಕುಲೀನಾಳ ಶಾಲನ್ನು ಮೂಗಿನ ತನಕ ಎಳೆದು ಕಟ್ಟಿ, "ಹೋಗು. ನಿಂತ್ರೆ ಶೀತ ಆಗತ್ತೆ," ಎಂದು ತಾನೇ ಮೊದಲು ತಿರುಗಿದಳು.

ಜನವರಿಯಲ್ಲಿ ಸೊನ್ನೆಗಿಂತ ಐವತ್ತನಾಲ್ಕು ಡಿಗ್ರಿ ಕೆಳಗಿಳಿದ ವಾರ ಫೋನ್ ಬಂತು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. "ಚಿಕ್ಕಮ್ಮ, ಒಂದು ಗೋಡೆಯಲ್ಲೂ ಗಾಳಿ ಇಲ್ಲ. ನಾರಿಯಾ ಬರಿಗಾಲಲ್ಲಿ ಓಡಾಡ್ತಾಳೆ," ಎನ್ನುವುದು ನನಗೂ ಕೇಳಿಸಿತು. "ಬರಿಗಾಲು ಬೇಡ, ಬೂಟು ಹಾಕು," ಎಂದು ಗದರಿಸಿದ ಅಕುಲೀನಾ ಫೋನ್ ಇಟ್ಟ ಮೇಲೆಯೂ ಅದನ್ನೇ ನೋಡುತ್ತಾ ಕೂತಳು.

ಆಮೇಲೆ ನಾಲ್ಕು ವರ್ಷ ಕಳೆದಿವೆ. ಪ್ರತಿ ಅಕ್ಟೋಬರಿನಲ್ಲೂ ಅವಳು ಕೊನೆಯ ದೋಣಿಗೆ ಹೋಗುತ್ತಾಳೆ, ನದಿ ಹೆಪ್ಪುಗಟ್ಟಿದ ಮೇಲೆ ನಡೆದು ಬರುತ್ತಾಳೆ. "ನಮ್ಮನೆ ಕಿಟಕಿ ಯಾರು ಅಂಟಿಸೋದು?" ಎಂದು ಸೊಸೆ ಗೊಣಗುತ್ತಾಳೆ, ಅದೂ ನಿಜವೇ. ಹೋದ ವಾರ ಪಾಚಿ ಮೂಟೆ ಕಟ್ಟಲು ಕೈಜೋಡಿಸುತ್ತಾ ನಾನು ಕೇಳಿದೆ, "ಈಗಲಾದ್ರೂ ಮನಸ್ಸಿಗೆ ನೆಮ್ಮದಿ ಆಯ್ತಾ ಅಕ್ಕಾ?"

ಅವಳು ಹಗ್ಗದ ಗಂಟನ್ನು ಬಿಗಿಯುತ್ತಾ ಯೋಚಿಸಿದಳು.

"ಇಲ್ಲ ಕಣೆ. ಆಗ ದೂರದಿಂದ ಮುಖ ಮಾತ್ರ ಕಂಡ ಮಗುಗೆ ಹಂಬಲಿಸ್ತಿದ್ದೆ. ಈಗ ಅವಳು ಹೆಂಗೆ ನಗ್ತಾಳೆ, ಚಹಾಗೆ ಎಷ್ಟು ಹಾಲು ಹಾಕ್ತಾಳೆ, ಎಲ್ಲಾ ಗೊತ್ತು. ಈಗ್ಲೇ ಜಾಸ್ತಿ ಕಷ್ಟ."